ನೆಟ್ಟ ಕಲ್ಲು

ಚಿನ್‌ಮೆಯ್ ಅತ್ತೆ ಎರಡನೆಯ ಬಟ್ಟಲನ್ನೂ ಕೋಟಿನೊಳಗೆ ಸೇರಿಸಿಕೊಳ್ಳುತ್ತಿದ್ದುದು ಲಾನ್‌ಯಿಂಗಳ ಕಣ್ಣಿಗೆ ಬಿತ್ತು. ತುಂಬು ವಯಸ್ಸಿನಲ್ಲಿ ಸತ್ತವರ ಮನೆಯ ತೋಫು ಊಟಕ್ಕೆ ಬಂದವರು ತಾವು ಉಂಡ ಬಟ್ಟಲನ್ನು ಕದ್ದೊಯ್ಯಬೇಕು. ಸತ್ತವರ ದೀರ್ಘಾಯುಷ್ಯ ಅದರೊಡನೆ ಒಯ್ದವರ ಪಾಲಾಗುತ್ತದೆಂಬ ನಂಬಿಕೆ. ಮನೆಯವರು ಕಂಡೂ ಕಾಣದಂತೆ ಇರಬೇಕು. ಆದರೆ ಕದಿಯುವುದಕ್ಕೂ ಒಂದು ಲೆಕ್ಕವಿದೆ.

"ಅತ್ತೆ, ಎರಡಾಯ್ತಲ್ಲ?"

"ನೋಡಬಾರದ್ದನ್ನೇ ನೋಡ್ತೀಯಲ್ಲೇ. ಒಂದು ಆಯುಷ್ಯಕ್ಕೆ. ಇನ್ನೊಂದು ನಿಮ್ಮಪ್ಪ ನುಂಗಿದ ನನ್ನ ಪಾಲಿಗೆ."

ಎದುರು ಮನೆಯ ಹುವಾ ಅಜ್ಜಿಯ ಕೈಯಲ್ಲಿ, ಬಾಯಿಯ ಹತ್ತಿರ ಬಂದಿದ್ದ ತೋಫು ಅಲ್ಲಿಯೇ ನಿಂತಿತು. "ನುಂಗಿದ್ದಾ? ಏನನ್ನ?"

"ಒಡಹುಟ್ಟಿದವಳು ನಾನು, ಬೈತೀನಿ. ನಿನಗ್ಯಾಕೆ?" ಎಂದಳು ಅತ್ತೆ. "ಸಣ್ಣವನಿದ್ದಾಗಿನಿಂದ ಅವನು ಮೋಸಗಾರನೇ. ನೀರಲ್ಲಿದ್ದ ಕಲ್ಲಿನ ತೂತಿಗೆ ನನ್ನ ಕೈ ಹಾಕಿಸೋನು. ಆಚೆ ಕಡೆಯಿಂದ ತಾವರೆ ಬೀಜ ಕೊಡ್ತೀನಿ ಅನ್ನೋನು. ಎಳೆದುಕೊಂಡು ನೋಡಿದ್ರೆ ಬರೀ ಸಿಪ್ಪೆ."

ಎರಡು ಮೇಣದಬತ್ತಿಗಳ ನಡುವಿನ ಚಿತ್ರದಲ್ಲಿ ಲಾನ್‌ಯಿಂಗಳ ಅಪ್ಪ ಫೆಂಗ್ ಷುಯಿಗೆನ್ ಯಾರನ್ನೂ ನೋಡದೆ ಕುಳಿತಿದ್ದ. ಮನೆಯ ಗೋಡೆಯಾಚೆಗಿನ ಹಳೆಯ ಉದ್ಯಾನದಲ್ಲಿ ಜೀವಮಾನವಿಡೀ ಕಲ್ಲು ಜೋಡಿಸಿದವನು. ಬೆಳಗ್ಗೆ ಚಿತಾಗಾರದಿಂದ ಹಿಂದಿರುಗಿ, ಹೊಸಿಲ ಮುಂದಿನ ಹುಲ್ಲಿನ ಬೆಂಕಿಯನ್ನು ದಾಟಿ ಒಳಗೆ ಬಂದಾಗಿನಿಂದ ಲಾನ್‌ಯಿಂಗ್ ಎಲ್ಲರ ಕೈಗಳನ್ನೂ ಗಮನಿಸುತ್ತಿದ್ದಳು. ಅದಕ್ಕಿಂತ ಹೆಚ್ಚಾಗಿ ತಾಂಗ್ ಮೇಸ್ತ್ರಿಯ ಕಣ್ಣುಗಳನ್ನು. ಅಪ್ಪನ ಜೊತೆ ದುಡಿದ ಈ ಮುದುಕರು ಉಣ್ಣದೆ ಎದ್ದು ಹಿತ್ತಲಿಗೆ ಹೋಗಿದ್ದರು. ಬಾವಿಯ ಕಟ್ಟೆಯನ್ನೂ ಗಿಡಗಳ ಬುಡವನ್ನೂ ನೋಡಿ ಬಂದಿದ್ದರು. ಸತ್ತವನ ಮನೆಯಲ್ಲಿ ಇವರು ಹುಡುಕುತ್ತಿರುವುದೇನು?

"ಮಗಳೇ," ಎಂದರು ತಾಂಗ್ ಮೇಸ್ತ್ರಿ, "ಚಿತ್ರ ಎತ್ತಿಕೋ. ನಿಮ್ಮಪ್ಪನಿಗೆ ಕೊಳದ ಸುತ್ತ ಒಂದು ಸುತ್ತು ಹಾಕಿಸೋಣ. ಉದ್ಯಾನದ ಹಿಂಬಾಗಿಲು ತೆರೆಸಿದ್ದೀನಿ."

"ಹಿಂಬಾಗಿಲೇ ಯಾಕೆ?"

"ಹತ್ತಿರ ಅಂತ. ಬೇರೆ ಯಾಕೆ?"

ಹುವಾ ಅಜ್ಜಿ ಆಗಲೇ ಚಪ್ಪಲಿ ಹುಡುಕುತ್ತಿದ್ದಳು.

* * *

ಹಳೆಯದನ್ನೆಲ್ಲ ಒಡೆಯುವ ವರ್ಷಗಳು ಮುಗಿದು, ಉದ್ಯಾನದ ದುರಸ್ತಿ ನಡೆಯುತ್ತಿದ್ದ ಕಾಲ. ತಾಯಿಹು ಸರೋವರದಿಂದ ಸುಝೌಗೆ ದೋಣಿಗಳಲ್ಲಿ ಉದ್ಯಾನದ ಅಲಂಕಾರಕ್ಕೆ ನಿಲ್ಲಿಸುವ ಬೆಲೆಬಾಳುವ ಕಲ್ಲು ಬಂದು ರಾಶಿ ಬೀಳುತ್ತಿತ್ತು. ಲಾನ್‌ಯಿಂಗ್ ಆಗಿನ್ನೂ ಶಾಲೆಯ ಹುಡುಗಿ. ಮಂಜು ಕವಿದ ಒಂದು ಮುಂಜಾನೆ, ಉದ್ಯಾನದ ಹಿಂಬಾಗಿಲಲ್ಲಿ ಷುಯಿಗೆನ್ ಕೈಗಾಡಿಯೊಂದಿಗೆ ನಿಂತಿದ್ದುದನ್ನೂ ಗಾಡಿಯಲ್ಲಿ ಚಾಪೆ ಮುಚ್ಚಿದ ಕಲ್ಲು ಇದ್ದುದನ್ನೂ ಹುವಾ ಕಂಡಳು. ಮಧ್ಯಾಹ್ನದೊಳಗೆ ಓಣಿಯೆಲ್ಲ ಕಂಡಿತು. ಅಧಿಕಾರಿಗಳು ಕರೆಸಿ ಕೇಳಿದರು. ರಾಶಿಯಲ್ಲಿ ಎಷ್ಟು ಕಲ್ಲು ಇತ್ತೆಂದು ಅವರಿಗೇ ತಿಳಿದಿರಲಿಲ್ಲವಾದ್ದರಿಂದ ಬಿಟ್ಟುಬಿಟ್ಟರು. ಓಣಿ ಬಿಡಲಿಲ್ಲ. ಶಾಲೆಯಲ್ಲಿ ಲಾನ್‌ಯಿಂಗಳಿಗೆ 'ಕಲ್ಲುಗಳ್ಳನ ಮಗಳು' ಎಂಬ ಹೆಸರು ಅಂಟಿಕೊಂಡಿತು.

"ಅಪ್ಪಾ, ಕಲ್ಲು ಎಲ್ಲಿ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಎಲ್ಲಿರಬೇಕೋ ಅಲ್ಲಿದೆ."

ಕಳ್ಳನೂ ಅದೇ ಉತ್ತರ ಕೊಡಬಲ್ಲನೆಂಬುದು ಆ ವಯಸ್ಸಿನಲ್ಲಿಯೇ ಅವಳಿಗೆ ಹೊಳೆದಿತ್ತು. ಅಪ್ಪ ಹಾಸಿಗೆ ಹಿಡಿದ ಮೇಲೆ, ಅವನು ನಿದ್ದೆಯಲ್ಲಿದ್ದಾಗ, ಅವಳು ಹಿತ್ತಲಿನ ಹಾಸುಗಲ್ಲುಗಳನ್ನು ಒಂದೊಂದಾಗಿ ಎಬ್ಬಿಸಿ ನೋಡಿದ್ದಳು. ಎರೆಹುಳುಗಳ ಹೊರತು ಅಲ್ಲಿ ಏನೂ ಇರಲಿಲ್ಲ.

* * *

"ಇಷ್ಟು ಸಣ್ಣ ಕೊಳಕ್ಕೆ ಟಿಕೆಟ್ಟಾ!" ಎಂದಳು ಅತ್ತೆ. ಸರೋವರದ ನಡುವಿನ ದ್ವೀಪದಲ್ಲೇ ಹುಟ್ಟಿ ಬೆಳೆದ ಅವಳು ಈ ಉದ್ಯಾನದೊಳಗೆ ಕಾಲಿಟ್ಟದ್ದು ಇದೇ ಮೊದಲು. "ಕಲ್ಲು ನೋಡೋಕೆ ಕಾಸು ಕೊಡೋ ಪೇಟೆ ಜನ!"

ಲಾನ್‌ಯಿಂಗ್ ಚಿತ್ರವನ್ನು ಎದೆಗೊತ್ತಿಕೊಂಡು ನಡೆದಳು. ತಾಂಗ್ ಮೇಸ್ತ್ರಿ ಕೊಳದ ಮೂಲೆಯಲ್ಲಿ, ಬಾಗಿದ ಪೈನ್ ಮರದ ಕೆಳಗೆ ನಿಂತರು. ಅಲ್ಲೊಂದು ಕಲ್ಲು ನೀರಿನತ್ತ ತುಸು ವಾಲಿಕೊಂಡಿತ್ತು. ನಡುವೆ ತೋಳು ಹೋಗುವಷ್ಟು ತೂತು.

"ಈ ಮೂಲೆ ಬಹಳ ದಿನ ಖಾಲಿ ಇತ್ತು," ಎಂದರು ಅವರು. "ದೋಣಿಯಲ್ಲಿ ಬಂದದ್ದು ಒಂದೂ ನಿಮ್ಮಪ್ಪನಿಗೆ ಹಿಡಿಸಲಿಲ್ಲ. ಒಂದು ಬೆಳಗ್ಗೆ ಬಂದು ನೋಡ್ತೀನಿ, ಇದು ನಿಂತಿದೆ. ರಾಶಿಯಲ್ಲೇ ಆರಿಸಿರಬೇಕು ಅಂದ್ಕೊಂಡೆ. ಇದರ ಜೋಡಿ ಏನಾದ್ರೂ ನಿಮ್ಮ ಹಿತ್ತಲಲ್ಲಿ ಇರಬಹುದಾ ಅಂತ... ನೋಡಿದೆ. ತಪ್ಪು ತಿಳೀಬೇಡ."

ಹಾಗಾದರೆ ಹುಡುಕಿದ್ದು ನಿಜ. ಲಾನ್‌ಯಿಂಗಳ ಬಾಯಿಗೆ ಒರಟು ಮಾತೊಂದು ಬಂದಿತ್ತು. ಅಷ್ಟರಲ್ಲಿ ಅತ್ತೆ ಕೋಟಿನ ತೋಳನ್ನು ಮೇಲಕ್ಕೇರಿಸಿ, ತೂತಿನೊಳಗೆ ಕೈ ಹಾಕಿದ್ದಳು.

"ಅಮ್ಮಾ, ಮುಟ್ಟಬಾರದು!" ಎಂದು ಕಾವಲುಗಾರ ಕೂಗಿದ.

"ಸುಮ್ನಿರಯ್ಯ." ಕೈ ಒಳಗೆ ತಡಕಾಡಿ ನಿಂತಿತು. ಅತ್ತೆಯ ದನಿ ಇಳಿಯಿತು. "ಇಲ್ಲಿದೆ, ಮೆಟ್ಟಿಲಿನ ಹಾಗೆ. ಅಜ್ಜನ ಉಳಿ ಮುರಿದ ಜಾಗ. ನೀರು ಇದೊಂದನ್ನ ಉಜ್ಜಿ ಮುಗಿಸಿರಲಿಲ್ಲ."

"ಯಾವ ಅಜ್ಜ?"

"ನಮ್ಮಜ್ಜ ಕಣೇ. ಒರಟು ಕಲ್ಲಿಗೆ ತೂತು ಕೊರೆದು ದಡದ ನೀರಲ್ಲಿ ನೆಟ್ಟ. ಅಲೆ ಅದನ್ನ ನಯ ಮಾಡಲಿ, ಮೊಮ್ಮಕ್ಕಳು ಎತ್ತಿ ಮಾರಿಕೊಳ್ಳಲಿ ಅಂತ. ನನಗೂ ಅಣ್ಣನಿಗೂ ಸಮಪಾಲು. ಒಂದು ವರ್ಷ ಗಂಡನ ಮನೆಯಿಂದ ಬಂದು ನೋಡ್ತೀನಿ, ಆ ಜಾಗದಲ್ಲಿ ಬರೀ ನೀರು! ಮಾರಿ ತಿಂದ ಅಂತ ಅವತ್ತಿನಿಂದ ಮಾತು ಬಿಟ್ಟೆ."

ಲಾನ್‌ಯಿಂಗ್ ನಿಧಾನವಾಗಿ ಹುವಾ ಅಜ್ಜಿಯತ್ತ ತಿರುಗಿದಳು. "ಅಜ್ಜೀ, ಆ ದಿನ ಗಾಡಿಯ ಮುಖ ಯಾವ ಕಡೆಗಿತ್ತು?"

"ಮಂಜು ಕಣೇ... ಬಾಗಿಲ ಕಡೆಗೇ ಇತ್ತು ಅನ್ಸುತ್ತೆ. ಆದ್ರೆ ಕಲ್ಲು ಅಂದ್ಮೇಲೆ ಒಳಗಿಂದ ಹೊರಗೆ ತಾನೇ ಬರೋದು? ಕದ್ದು ಒಳಗೆ ಇಡೋರನ್ನ ಎಲ್ಲಾದರೂ ಕಂಡಿದ್ದೀಯಾ?"

"ಕದ್ದಿದ್ದೇ ಮತ್ತೆ," ಎಂದಳು ಅತ್ತೆ, ಕೆನ್ನೆಯನ್ನು ಕಲ್ಲಿಗೆ ಒತ್ತಿಕೊಂಡು. "ನನ್ನದನ್ನ ಕದ್ದ. ಕೇಳಿದ್ರೆ ನಾನು ಕೊಡ್ತಿರಲಿಲ್ಲ. ಅದು ಗೊತ್ತಿದ್ದೇ ಕೇಳಲಿಲ್ಲ, ಕಳ್ಳ. ಊರವರು ಬೈದ್ರೂ ಬಾಯಿ ಬಿಡಲಿಲ್ಲ ನೋಡು. ಬಿಟ್ಟಿದ್ರೆ ನಾನು ದೋಣಿ ತಂದು ಕಿತ್ತುಕೊಂಡು ಹೋಗ್ತಿದ್ದೆ."

"ಕೈ ಸಿಕ್ಕಿಕೊಂಡಿತಾ?" ಎಂದು ತಾಂಗ್ ಮೇಸ್ತ್ರಿ ಗಾಬರಿಯಿಂದ ಕೇಳಿದರು.

ಅತ್ತೆ ತೋಳನ್ನು ಇನ್ನಷ್ಟು ಒಳಕ್ಕೆ ತಳ್ಳಿದಳು.

ಲಾನ್‌ಯಿಂಗ್ ಚಿತ್ರವನ್ನು ಮೇಸ್ತ್ರಿಯ ಕೈಗಿತ್ತು, ಕಲ್ಲನ್ನು ಬಳಸಿ ಆಚೆ ಬದಿಗೆ ಹೋದಳು. ಅಲ್ಲಿ ತೂತಿನಿಂದ ಮುದಿ ಕೈಯೊಂದು ಹೊರಬಂದು, ಅಂಗೈ ಮೇಲಾಗಿ ತೆರೆದುಕೊಂಡಿತ್ತು. ಸಾವಿನ ಮನೆಯಿಂದ ಹೊರಡುವವರಿಗೆ ಕೊಡಲೆಂದು ಇಟ್ಟುಕೊಂಡಿದ್ದ ಮಿಠಾಯಿ ಅವಳ ಜೇಬಿನಲ್ಲಿತ್ತು. ಒಂದನ್ನು ತೆಗೆದು ಆ ಅಂಗೈಯಲ್ಲಿಟ್ಟಳು.

ಬೆರಳುಗಳು ಅದನ್ನು ತೂಗಿ ನೋಡಿದವು, ಮಡಚಿಕೊಂಡವು.

"ಸಿಪ್ಪೆ ತಾನೇ?" ಎಂದಿತು ಆಚೆಯ ದನಿ.

ಕೋಟಿನೊಳಗಿನ ಎರಡು ಬಟ್ಟಲುಗಳು ಕಲ್ಲಿಗೆ ತಾಗಿ ಸಣ್ಣಗೆ ಸದ್ದು ಮಾಡಿದವು. ಮುಷ್ಟಿ ಮಾತ್ರ ಹಿಂದಕ್ಕೆ ಹೋಗಲಿಲ್ಲ.