ಗೆರೆಗೆ ನಾಲ್ಕು ಬೆರಳು

ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ಗೊಲ್ಲಪ್ಪ ಕೈ ನಿಲ್ಲಿಸಿ ಕಾಲುವೆಯತ್ತ ಕಿವಿಗೊಟ್ಟ. ನೀರು ಇನ್ನೂ ಹರಿಯುತ್ತಿತ್ತು. ನೀರುಗಂಟಿ ಎತ್ತಪ್ಪ ನಿನ್ನೆ ಸಂಜೆ ತೋಟಗಳಿಗೆಂದು ಕೆರೆಯ ತೂಬು ಎತ್ತಿದ್ದ. ಅದನ್ನು ಇಳಿಸಬೇಕಾದ ಬೆಳಿಗ್ಗೆ ಅವನೇ ಇರಲಿಲ್ಲ.

ಗೊಲ್ಲಪ್ಪ ಏರಿ ಹತ್ತಿ ನೋಡಿ ಬಂದ. "ರಂಗಕ್ಕ, ಗೆರೆಗೆ ಇನ್ನು ನಾಲ್ಕೇ ಬೆರಳು ಐತೆ."

ಎತ್ತಪ್ಪನ ಮಗಳು ರಂಗಕ್ಕ ಅಪ್ಪನ ಹೆಣದ ಪಕ್ಕದಿಂದ ಎದ್ದಳು. ತೂಬಿನ ಕಲ್ಲಿನ ಮೇಲೆ ಅಪ್ಪ ಕೊರೆದ ಗೆರೆ ಅದು; ನೀರು ಅದಕ್ಕಿಂತ ಕೆಳಗಿಳಿಯಲು ಅವನು ಏಳು ವರ್ಷ ಬಿಟ್ಟಿರಲಿಲ್ಲ. ತೂಬನ್ನು ಆ ಮನೆಯವರಲ್ಲದೆ ಬೇರೆ ಯಾರೂ ಮುಟ್ಟುವಂತಿಲ್ಲ. ಸಾವಾದ ಮನೆಯವರು ಹನ್ನೊಂದು ದಿನ ಕೆರೆಗೆ ಇಳಿಯುವಂತಿಲ್ಲ.

"ನಿಮ್ಮಪ್ಪ ಮೀನಿಗೆ ನೀರು ಕಾದು ನಮ್ಮ ತೆಂಗು ಒಣಗಿಸ್ದ," ಎಂದರು ತೋಟದ ತಿಪ್ಪೇರುದ್ರಪ್ಪ. "ಸತ್ತ ಮೇಲಾದ್ರೂ ಒಂದೀಟು ಧಾರಾಳ ಆಗ್ಲಿ ಬಿಡವ್ವ."

ಯಾರೋ ನಕ್ಕು, ನಗು ನುಂಗಿಕೊಂಡರು.

*

ಏಳು ವರ್ಷದ ಹಿಂದೆ, ಅರವತ್ತಾರನೇ ಇಸವಿಯ ಬೇಸಗೆಯಲ್ಲಿ, ಎತ್ತಪ್ಪ ತೋಟದವರ ಮಾತಿಗೆ ಸೋತು, ಮೊಣಕಾಲುದ್ದ ಉಳಿಯುವವರೆಗೆ ನೀರು ಬಿಟ್ಟಿದ್ದ. ಉಳಿದ ನೀರು ಬಿಸಿಲಿಗೆ ಕಾದು ಹಸಿರಾಯಿತು. ನಾಲ್ಕನೆಯ ದಿನ ಮೀನುಗಳು ಮೇಲೆ ಬಂದು ಬಾಯಿ ಬಿಟ್ಟವು. ಐದನೆಯ ದಿನ ಸತ್ತು ತೇಲಿದವು. ಅದನ್ನೇ ಸೋಸಿ ಕುಡಿದ ಊರಿಗೆ ವಾಂತಿಭೇದಿ ಹತ್ತಿತು. ರಂಗಕ್ಕನ ತಮ್ಮ ಉಳಿಯಲಿಲ್ಲ.

ಮಳೆಗೆ ಮೊದಲು ಎತ್ತಪ್ಪ ಒಣಗಿದ ಕೆರೆಯಂಗಳದಲ್ಲಿ ಮೂರು ದಿನ ಮೊಳ ಹಾಕಿ ಅಳೆದ. ಆಳು ಮುಳುಗುವಷ್ಟು ನಿಂತರೆ ತಳದ ನೀರು ತಣ್ಣಗಿರುತ್ತದೆ ಎಂಬುದು ಅವನ ಅಂದಾಜು. ಆಮೇಲೆ ಕಲ್ಲಿಗೆ ಉಳಿ ಇಟ್ಟ.

*

ರಂಗಕ್ಕ ಕೆರೆಯತ್ತ ಹೊರಟಾಗ ತಿಪ್ಪೇರುದ್ರಪ್ಪ ಅಡ್ಡ ನಿಂತರು. "ನೀನು ಇಳಿದ್ರೆ ಕೆರೆ ಮೈಲಿಗೆ. ಊರು ಆ ನೀರು ಕುಡಿಯಲ್ಲ."

"ಹನ್ನೊಂದು ದಿನ ಬಿಟ್ರೆ ಕುಡಿಯಾಕೆ ಏನಿರ್ತೈತೆ, ಯಜಮಾನ್ರೆ?"

ಅವಳು ಗೊಲ್ಲಪ್ಪನತ್ತ ತಿರುಗಿದಳು. "ಅಣ್ಣ, ನಾನು ಬರೋತಂಕ ಅಪ್ಪನ್ನ ಎತ್ತಬ್ಯಾಡ್ರಿ."

ಸೆರಗು ಸೊಂಟಕ್ಕೆ ಸುತ್ತಿ, ಈಜಿ ತೂಬಿನ ಕಲ್ಲಿಗೆ ಹೋದಳು. ತೂಬಿನ ಬಾಯಿ ಮುಚ್ಚುವ ಮರದ ಗೂಟ ನೀರು ಕುಡಿದು ಉಬ್ಬಿತ್ತು, ಎರಡು ಸಲ ಒತ್ತಿದರೂ ಅಲುಗಲಿಲ್ಲ. ಮೂರನೆಯ ಸಲ ಅದನ್ನು ತಬ್ಬಿ ಇಡೀ ಮೈಭಾರ ಬಿಟ್ಟಳು. ಕಾಲುವೆಯ ಸದ್ದು ನಿಧಾನ ಅಡಗಿತು. ಒದ್ದೆ ಸೀರೆಯಲ್ಲೇ ಅವಳು ಬಂದು ನಿಂತಾಗ, ಚಟ್ಟ ಎತ್ತಿದರು.

ಮಣ್ಣು ಮಾಡಿ ಬರುವಾಗ ಹೊತ್ತಿಳಿದಿತ್ತು. ಏರಿಯ ಮೇಲೆ ಹೆಂಗಸರು ಖಾಲಿ ಬಿಂದಿಗೆ ಹಿಡಿದು ಸಾಲಾಗಿ ನಿಂತಿದ್ದರು, ಯಾರೂ ಇಳಿದಿರಲಿಲ್ಲ. ತಿಪ್ಪೇರುದ್ರಪ್ಪನವರ ತಾಯಿ ಬರಗೇರಮ್ಮ ಕೋಲೂರುತ್ತಾ ಒಬ್ಬಳೇ ಮೆಟ್ಟಿಲಿಳಿದಳು. ಬಗ್ಗಿ ಬೊಗಸೆ ತುಂಬಿ ಕುಡಿದಳು. ಗದ್ದದಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ, ಹಿಂತಿರುಗಿ ನೋಡದೆ, ಬಿಂದಿಗೆಗಾಗಿ ಸೊಸೆಯತ್ತ ಕೈ ಚಾಚಿದಳು.