ಎಡಬಳ್ಳಿ

ಅಚ್ಚಿನಮ್ಮ ನಾಲ್ಕನೇ ಸಲ ಕುರ್ಚಿಯಿಂದ ಎದ್ದರು. ವಸ್ತುಸಂಗ್ರಹಾಲಯದಿಂದ ಬಂದಿದ್ದ ಹೆಂಗಸು ಓದುವುದನ್ನು ಅರ್ಧಕ್ಕೇ ನಿಲ್ಲಿಸಿ ಕನ್ನಡಕದ ಮೇಲಿನಿಂದ ನೋಡಿದಳು.

"ಅಮ್ಮಾ, ಒಂದು ಕಡೆ ಕೂತ್ಕೊಳ್ಳೇ. ಕಾಲಿಗೇನು ಚಕ್ರ ಕಟ್ಕೊಂಡಿದೀಯಾ?" ಎಂದಳು ಮಗಳು.

"ಕೂತೇ ಕೇಳ್ಬೇಕು ಅಂತ ಕಾನೂನಿದೆಯಾ? ನೀವು ಓದಿ."

ಆಕೆ ಓದಿದಳು. "'ಎಡಬಳ್ಳಿ. ಬಟ್ಟೆಯ ಅಂಚಿಗೆ ಬಳಸುವ ಮರದ ಅಚ್ಚು. ಬಲಕ್ಕೆ ಹರಿಯುತ್ತಿದ್ದ ಬಳ್ಳಿಯನ್ನು ಎಡಕ್ಕೆ ತಿರುಗಿಸಿದ ದಿಟ್ಟ ವಿನ್ಯಾಸ. ರಚನೆ ಮತ್ತು ಕೆತ್ತನೆ...' ಇಲ್ಲಿ ನಿಮ್ಮ ಹೆಸರಿದೆ. ಸರಿ ಇದ್ರೆ ಕೆಳಗೊಂದು ಸಹಿ ಹಾಕ್ಬಿಡಿ. ಮಧ್ಯಾಹ್ನ ಫಲಕ ಮುದ್ರಣಕ್ಕೆ ಹೋಗತ್ತೆ, ಅಚ್ಚನ್ನ ನಾನೇ ತಗೊಂಡು ಹೋಗ್ತೀನಿ."

ಐವತ್ತೆರಡು ವರ್ಷ ಬಣ್ಣ ಕುಡಿದು ಕಪ್ಪಾದ ಅಚ್ಚು ಮೇಜಿನ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಕೂತಿತ್ತು. ಅಚ್ಚಿನಮ್ಮ ಕಿಟಕಿಯ ತನಕ ಹೋದರು, ನೆಟ್ಟಗಿದ್ದ ಪರದೆಯನ್ನೇ ನೆಟ್ಟಗೆ ಮಾಡಿದರು, ತಿರುಗಿ ಬಂದರು. ನಾನೂರಕ್ಕೂ ಹೆಚ್ಚು ಅಚ್ಚು ಕೆತ್ತಿದ ಕೈ ಅದು. ಪೆನ್ನು ಮಾತ್ರ ಅದರಲ್ಲಿ ನಿಲ್ಲಲೊಲ್ಲದು. ಪಕ್ಕದ ಕೋಣೆಯಲ್ಲಿ, ಅವರು ಅಕ್ಕ ಎಂದೇ ಕರೆಯುವ ಹಿರಿಯ ಓರಗಿತ್ತಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅಕ್ಕನಿಗೆ ಎಂಬತ್ತೆರಡಾದರೂ ಕಿವಿ ಚುರುಕು.

ಅಚ್ಚು ಕೆತ್ತುವವರು ಕಲಿಯುವ ಮೊದಲ ಪಾಠ ಒಂದೇ. ಬಟ್ಟೆಯ ಮೇಲೆ ಬಲಕ್ಕೆ ಹೋಗಬೇಕಾದ್ದನ್ನು ಮರದ ಮೇಲೆ ಎಡಕ್ಕೆ ಬರೆಯಬೇಕು. ಮರೆತರೆ ಮೂರು ವರ್ಷ ಒಣಗಿಸಿದ ಮರ ಒಲೆಗೆ, ಮರೆತವರ ಉಳಿ ಅತ್ತೆಯ ಪೆಟ್ಟಿಗೆಗೆ. ಐವತ್ತೆರಡು ವರ್ಷದ ಹಿಂದೆ ಮನೆಯ ಅಚ್ಚಿನ ಕಾರ್ಖಾನೆ ನಡೆಸುತ್ತಿದ್ದವರು ಅತ್ತೆ. ಒಂದು ಬೆಳಿಗ್ಗೆ ಅಕ್ಕ ಹೊಸ ಅಚ್ಚೊಂದನ್ನು ಬಟ್ಟೆಯ ತುಂಡಿನ ಮೇಲೆ ಒತ್ತಿ ನೋಡಿದರೆ, ಯಾವಾಗಲೂ ಬಲಕ್ಕೆ ಹರಿಯುವ ಆ ಮನೆಯ ಬಳ್ಳಿ ಎಡಕ್ಕೆ ಹೊರಟಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಅತ್ತೆಯ ಹೆಜ್ಜೆ. ಅಚ್ಚಿನಮ್ಮ ಆಗ ಆ ಮನೆಗೆ ಬಂದು ಎರಡು ವರ್ಷ, ಅತ್ತೆಗೆ ಬಲು ಮೆಚ್ಚು. ಅಕ್ಕನ ಉಳಿ ಹೋದೀತೆಂದು ಓಡಿಹೋಗಿ ಅಡ್ಡ ನಿಂತು, "ನಾನೇ ಅಕ್ಕನ ಕೈಲಿ ಕೆತ್ತಿಸಿದ್ದು ಅತ್ತೆ, ಹೊಸ ನಮೂನೆ" ಎಂದುಬಿಟ್ಟರು.

ಅತ್ತೆ ತುಂಬ ಹೊತ್ತು ನೋಡಿ, "ಇನ್ನೊಂದು ಗಜ ಒತ್ತು" ಎಂದರು. ಬಟ್ಟೆ ವ್ಯಾಪಾರಿಗಳು ಅದಕ್ಕೇ ಮುಗಿಬಿದ್ದರು. ಮರುವಾರದಿಂದ ಕಿಟಕಿಯ ಪಕ್ಕದ ಕೆತ್ತನೆಯ ಮೇಜು ಕಿರಿಯ ಸೊಸೆಗೆ. ಅಕ್ಕನಿಗೆ ಬಣ್ಣದ ಕೊಪ್ಪರಿಗೆ, ಅಡುಗೆಮನೆ, ಆಮೇಲೆ ಅಚ್ಚಿನಮ್ಮನಿಗೆ ಮಗಳು ಹುಟ್ಟಿದಾಗ ಆ ಮಗುವೂ. ತುತ್ತು ತಿನ್ನಿಸಿದ್ದು, ಜಡೆ ಹಾಕಿದ್ದು, ಶಾಲೆಗೆ ಬಿಟ್ಟು ಬಂದದ್ದು ಎಲ್ಲ ಅವರೇ. ಹೆಸರು ಬೆಳೆದಂತೆಲ್ಲ ಅಚ್ಚಿನಮ್ಮನಿಗೆ ಆ ಮಾತು ಬಿಸಿತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೇಳಿದರೆ ಅಕ್ಕನ ತಪ್ಪನ್ನು ಊರಿಗೆಲ್ಲ ಸಾರಿದಂತೆ, ಹೇಳದಿದ್ದರೆ ಅವರ ಕೆಲಸವನ್ನು ಕದ್ದಂತೆ. ಇಷ್ಟು ವರ್ಷ ಹೇಗೋ ತಳ್ಳಿದ್ದಾಯಿತು. ಈಗ ಗೋಡೆಯ ಮೇಲೆ ಬರೆದು ಹಾಕುತ್ತಾರಂತೆ!

"ಇದನ್ನ ಕೆತ್ತಿದ್ದು ನಾನಲ್ಲ" ಎಂದರು ಅಚ್ಚಿನಮ್ಮ. "ಒಳಗಿದಾಳಲ್ಲ, ನಮ್ಮಕ್ಕ. ಅವಳು."

"ಅಮ್ಮಾ! ಅಂಗಡಿ ಬೋರ್ಡಿನ ಮೇಲೇ ಎಡಬಳ್ಳಿ ಪಕ್ಕ ನಿನ್ನ ಹೆಸರಿದೆಯಲ್ಲೇ..." ಎಂದಳು ಮಗಳು.

ಸಂಗ್ರಹಾಲಯದಿಂದ ಬಂದವಳು ಜಾಣೆ. "ಹಾಗಾದ್ರೆ ರಚನೆ ನಿಮ್ಮದು, ಕೆತ್ತನೆ ಅವರದು ಅಂತ ಹಾಕೋಣ್ವಾ?"

"ರಚನೆ ಯಾರದೂ ಅಲ್ಲಮ್ಮ. ಅದೊಂದು ಕೈತಪ್ಪು."

ಒಳಗೆ ತಟ್ಟೆ ನೆಲಕ್ಕೆ ಇಟ್ಟ ಸದ್ದಾಯಿತು. ಅಕ್ಕ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು.

"ಕೈತಪ್ಪು ಅಂತ ಯಾರೇ ಹೇಳಿದ್ದು ನಿಂಗೆ?"

"ಮತ್ತೆ?"

"ಹತ್ತು ವರ್ಷದಿಂದ ಕೆತ್ತಾ ಇದ್ದೆ ಆಗ ನಾನು. ಎಡ ಯಾವುದು ಬಲ ಯಾವುದು ಗೊತ್ತಾಗದಷ್ಟು ದಡ್ಡಿನಾ? ಬಳ್ಳಿ ಯಾವಾಗ್ಲೂ ಹೋಗ್ತಾನೇ ಇರತ್ತಲ್ಲ, ವಾಪಸ್ ಬಂದ್ರೆ ಹೇಗಿರತ್ತೆ ನೋಡ್ಬೇಕು ಅನ್ನಿಸ್ತು. ಮೂರು ತಿಂಗಳು ತಲೆ ಕೆಡಿಸ್ಕೊಂಡು ಬರೆದಿದ್ದು ಕಣೇ. ಅತ್ತೆಗೆ ಏನು ಹೇಳ್ಬೇಕು ಅಂತ ಬಾಯಿಪಾಠ ಬೇರೆ ಮಾಡ್ಕೊಂಡಿದ್ದೆ. ಅಷ್ಟರಲ್ಲಿ ನೀನು ಓಡಿ ಬಂದೆ."

"ಆಗ್ಲೇ ಹೇಳ್ಬಾರದಿತ್ತಾ ಅಕ್ಕಾ?"

"ನಿನ್ನ ಮುಖ ನೀನು ನೋಡ್ಕೋಬೇಕಿತ್ತು. ನನ್ನನ್ನ ಉಳಿಸಿದೆ ಅಂತ ಹಿಗ್ಗಿ ಹೀರೇಕಾಯಿ ಆಗಿದ್ದೆ. ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ಅನ್ನೋದು ನಾಡಿದ್ದಾಯ್ತು." ಅಕ್ಕ ಉಸಿರು ತೆಗೆದುಕೊಂಡರು. "ಸಿಟ್ಟು ಬರ್ಲಿಲ್ಲ ಅಂದ್ಕೋಬೇಡ. ನಿನ್ನ ಮಗಳಿಗೆ ಜಡೆ ಹಾಕುವಾಗ ಎಷ್ಟೋ ಸಲ ಬೇಕು ಅಂತಲೇ ಬಿಗಿಯಾಗಿ ಎಳೆದಿದೀನಿ."

ಮಗಳ ಕೈ ತಾನಾಗಿ ತಲೆಗೆ ಹೋಯಿತು.

ಅಚ್ಚಿನಮ್ಮ ಬಂದು ಕುರ್ಚಿಯಲ್ಲಿ ಕೂತುಬಿಟ್ಟರು. ಅಕ್ಕನ ತಪ್ಪನ್ನು ಮುಚ್ಚಿಟ್ಟೆನೆಂದು ಇಷ್ಟು ವರ್ಷ ಕೊರಗಿದ್ದರು, ಆ ಕೊರಗಿನಲ್ಲೇ ಒಂದಿಷ್ಟು ಹೆಮ್ಮೆಯನ್ನೂ ಪಟ್ಟಿದ್ದರು. ಮುಚ್ಚಿಟ್ಟದ್ದು ತಪ್ಪನ್ನಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಳು ಬಂತು, ಆದರೆ ಅಕ್ಕನ ಎದುರು ಅಳುವ ಹಕ್ಕು ತಮಗಿಲ್ಲವೆನ್ನಿಸಿತು. ಕಾಗದ ಎಳೆದುಕೊಂಡು, ಅದರಲ್ಲಿದ್ದ ತಮ್ಮ ಹೆಸರು ಹೊಡೆದು ಹಾಕಿ, ಮೇಲೆ ಅಕ್ಕನ ಹೆಸರು ಬರೆದರು. ಅಕ್ಷರ ಸೊಟ್ಟಗೆ ಬಿತ್ತು.

ಅಕ್ಕ ಅದರ ಕಡೆ ತಿರುಗಿಯೂ ನೋಡಲಿಲ್ಲ. ಬಿಳಿ ಬಟ್ಟೆ ಬಿಚ್ಚಿ ಅಚ್ಚಿನ ಮೇಲೆ ಬೆರಳಾಡಿಸುತ್ತಿದ್ದರು. ಬೆರಳು ತುದಿಯ ಎರಡು ಎಲೆಗಳ ಮೇಲೆ ನಿಂತಿತು.

"ಇವಕ್ಕೆ ನರ ಕೆತ್ತೋದು ಬಾಕಿ ಇತ್ತು. ಹೇಗೆ ಬರತ್ತೆ ನೋಡೋಣ ಅಂತ ಅವತ್ತು ಸುಮ್ನೆ ಒತ್ತಿದ್ದಷ್ಟೆ. ಆಮೇಲೆ ಅಚ್ಚು ನನ್ನ ಕೈಗೆ ಬರ್ಲೇ ಇಲ್ಲ."

ಬಂದವಳು ಗಾಬರಿಯಿಂದ ಹಾಳೆ ತಿರುವಿದಳು. 'ನರಗಳಿಲ್ಲದ ಆ ಎರಡು ಎಲೆಗಳ ಮೌನ' ಎಂದು ಅವಳೇ ಅರ್ಧ ಪುಟ ಬರೆದಿದ್ದಳು.

"ಉಳಿ ಕೊಡು" ಎಂದರು ಅಕ್ಕ.

"ಅಯ್ಯೋ ಬೇಡಿ! ಅದು ಈಗ ಸಂಗ್ರಹಾಲಯದ ವಸ್ತು, ಮುಟ್ಟೋ ಹಾಗಿಲ್ಲ..."

"ಇನ್ನೂ ಸಹಿ ಆಗಿಲ್ಲ" ಎಂದರು ಅಚ್ಚಿನಮ್ಮ. ಎದ್ದು ಹೋಗಿ ತಮ್ಮ ಪೆಟ್ಟಿಗೆಯಿಂದ ಎಲ್ಲಕ್ಕಿಂತ ಸಣ್ಣ ಉಳಿಯನ್ನು ಆರಿಸಿ, ಸೆರಗಿನಲ್ಲಿ ಒರೆಸಿ ಕೊಟ್ಟರು.

ಅಕ್ಕ ಉಳಿಯ ಮೊನೆಯನ್ನು ಎಲೆಯ ನಡುವೆ ಇಟ್ಟರು. ಅಚ್ಚಿನಮ್ಮ ಎದುರು ಕೂತು ಎರಡೂ ಕೈಯಲ್ಲಿ ಅಚ್ಚನ್ನು ಅಲುಗದ ಹಾಗೆ ಒತ್ತಿ ಹಿಡಿದರು. ಸಿಬಿರೊಂದು ಸುರುಳಿಯಾಗಿ ಎದ್ದಿತು. ಆ ಕಪ್ಪು ಎಲೆಯ ನಡುವೆ, ಇಷ್ಟು ವರ್ಷ ಬಣ್ಣ ಮುಟ್ಟದ ಮರದ ತಿಳಿ ಹಳದಿ ಗೆರೆ ಕಾಣಿಸಿಕೊಂಡಿತು.