ಮಾನಿಂಗನ ಅಂಗಡಿಯಲ್ಲಿ ಇಪ್ಪತ್ತು ನಿಮಿಷ

ಮೊದಲೇ ಹೇಳಿಬಿಡುತ್ತೇನೆ, ನನಗೆ ಯಾರ ಮೇಲೂ ನಂಬಿಕೆ ಇಲ್ಲ. ನಾನೊಂದು ಮೊಬೈಲ್ ಫೋನು. ಜನ ನನ್ನೊಳಗೆ ಎಷ್ಟು ಸಿಹಿಯಾಗಿ ಮಾತಾಡುತ್ತಾರೆ, ಮಾತು ಮುಗಿದ ಮರುಕ್ಷಣ ಅದೇ ಬಾಯಲ್ಲಿ ಏನು ಅನ್ನುತ್ತಾರೆ ಎಂಬುದನ್ನು ಏಳೆಂಟು ವರ್ಷ ಕೇಳಿದವನು ನಾನು. ನಂಬಿಕೆ ಉಳಿಯುವುದಾದರೂ ಹೇಗೆ ಹೇಳಿ.

ನಾನು ಹುಟ್ಟಿದ್ದು ಒಂದು ದೊಡ್ಡ ಕಾರ್ಖಾನೆಯ ಉದ್ದನೆಯ ಬೆಂಚಿನ ಮೇಲೆ. ತಲೆಗೆ ಬಿಳಿ ಟೋಪಿ ಹಾಕಿದ ಹೆಣ್ಣುಮಕ್ಕಳು ಸಾಲಾಗಿ ನಿಂತಿದ್ದರು. ಒಬ್ಬಳು ಗಾಜು ಕೂರಿಸಿದಳು, ಇನ್ನೊಬ್ಬಳು ಕ್ಯಾಮೆರಾ. ಕೊನೆಗೆ ಬ್ಯಾಟರಿಯನ್ನು ನನ್ನ ಹೊಟ್ಟೆಯಲ್ಲಿ ಮಲಗಿಸಿ, ಬೆನ್ನಿನ ಸುತ್ತ ಅಂಟು ಎಳೆದು, ಯಂತ್ರದ ಕೆಳಗೆ ಅದುಮಿದರು. ಒಂದು ಸ್ಕ್ರೂ ಕಾಣುವುದಿಲ್ಲ, ಉಗುರು ತೂರಿಸಲು ಒಂದು ಸಂದಿಲ್ಲ. ಕಂಡವರೆಲ್ಲ ‘ಎಷ್ಟು ನುಣುಪು’ ಎಂದು ಬೆನ್ನು ಸವರಿದರು. ನನಗೆ ಅನುಮಾನ ಹುಟ್ಟಿದ್ದು ಆಗಲೇ. ಹೊಟ್ಟೆಯೊಳಗಿನ ಬ್ಯಾಟರಿ ಮೂರು ನಾಲ್ಕು ವರ್ಷಕ್ಕೆ ಸೋಲುವ ಸಾಮಾನು ಎಂದು ಮಾಡಿದವರಿಗೆ ಗೊತ್ತು. ಗೊತ್ತಿದ್ದೂ ಬಾಗಿಲಿಲ್ಲದ ಮನೆ ಕಟ್ಟಿದರೆಂದರೆ ಅದರಲ್ಲೇನೋ ಹಿಕಮತ್ತು ಇರಲೇಬೇಕಲ್ಲವೇ?

ನನ್ನ ಮೊದಲ ಯಜಮಾನ ಬಾಗಲಕೋಟೆಯ ಒಬ್ಬ ಗುತ್ತಿಗೆದಾರ. ವಾರಕ್ಕೊಮ್ಮೆ ಲಾಕು ಬದಲಿಸುವ ಆಸಾಮಿ, ಹೆಂಡತಿ ಹತ್ತಿರ ಬಂದರೆ ನನ್ನನ್ನು ಎದೆಯ ಜೇಬಿಗೆ ತುರುಕುತ್ತಿದ್ದ. ಮೂರು ವರ್ಷವಾದ ಮೇಲೆ ನನ್ನ ಬ್ಯಾಟರಿ ಮಧ್ಯಾಹ್ನಕ್ಕೇ ಕೈಕೊಡತೊಡಗಿತು. ‘ಬಿಚ್ಚಿದರೆ ಗ್ಯಾರಂಟಿ ಇಲ್ಲ, ಹೊಸದು ಕೊಂಡುಬಿಡಿ’ ಎಂದರು ಅಂಗಡಿಯವರು. ಹೊಸದರ ಆಸೆಗೆ ಅವನು ನನ್ನನ್ನು ಕೊಟ್ಟು ಹೋದ. ಅಲ್ಲಿ ಯಾರೋ ನನ್ನ ಹೊಟ್ಟೆಗೆ ಬೇರೆ ಬ್ಯಾಟರಿ ಇಟ್ಟು, ಬೇರೆ ಅಂಟು ಬಳಿದು, ಒರೆಸಿ, ಹೊಸ ಡಬ್ಬಿಯಲ್ಲಿ ಮಲಗಿಸಿದರು. ಆ ಬ್ಯಾಟರಿ ಎಲ್ಲಿಯದೋ, ಯಾರ ಹೊಟ್ಟೆಯಿಂದ ಬಂದದ್ದೋ, ದೇವರೇ ಬಲ್ಲ.

ಹೀಗೆ ನಾನು ನವನಗರದ ದಾಕ್ಷಾಯಣಕ್ಕನ ಕೈಗೆ ಬಂದೆ. ಅವಳು ಹೆಂಗಸರ ಕುಬಸ ಹೊಲಿಯುವವಳು. ಕುಬಸವೆಂದರೆ ನಿಮ್ಮ ಕಡೆ ಬ್ಲೌಸು. ನಲವತ್ತೈದರ ಗಟ್ಟಿ ಹೆಂಗಸು, ಗಂಡ ತೀರಿ ಹೋಗಿ ಹತ್ತು ವರ್ಷ, ಬದುಕು ಸಾಗಿದ್ದು ಒಂದು ಮಷೀನಿನ ಮೇಲೆ. ನನಗಿಂತ ಮೊದಲು ಅವಳಲ್ಲಿ ಒಂದು ಬಟನ್ ಫೋನಿತ್ತು. ಅದು ಮುನಿಸಿಕೊಂಡರೆ ಉಗುರಿನಿಂದ ಬೆನ್ನು ತೆಗೆದು, ಬ್ಯಾಟರಿಯನ್ನು ಸೆರಗಿಗೆ ತಿಕ್ಕಿ, ಒಮ್ಮೆ ಊದಿ, ಮತ್ತೆ ಇಡುತ್ತಿದ್ದಳಂತೆ. ನನ್ನನ್ನು ತಂದ ದಿನ ಸುತ್ತಲೂ ಉಗುರಾಡಿಸಿ ನೋಡಿ ಮುಖ ಸಿಂಡರಿಸಿದಳು.

“ಇದಕ್ಕ ಬಾಗಲಾನ ಇಲ್ಲಲ್ಲ” ಅಂದಳು.

ನಮ್ಮಿಬ್ಬರ ಮನಸ್ಸು ಕೂಡಿದ್ದು ಆ ಮಾತಿಗೆ. ಅವಳೂ ನನ್ನ ಹಾಗೆ ಸಂಶಯದ ಪ್ರಾಣಿ. ಬಟ್ಟೆ ಅಂಗಡಿಯವನ ಮೀಟರು ಕೋಲನ್ನು ತನ್ನ ಟೇಪಿನಿಂದ ಅಳೆದು ನೋಡುವವಳು.

ಆ ಕಡೆಯ ಬಹಳ ಹೆಂಗಸರು ಮೈ ಅಳತೆ ಕೊಡಲು ಸಂಕೋಚಪಡುತ್ತಾರೆ. ಹಳೆಯದೊಂದು ಕುಬಸ ತಂದು, ‘ಇದರ ಪ್ರಕಾರ ಹೊಲಿ’ ಎಂದು ಇಟ್ಟು ಹೋಗುವುದೇ ರೂಢಿ. ಆ ಅಳತೆ ಕುಬಸ ಯಾವ ಕಾಲದ್ದೋ, ತೊಟ್ಟವಳು ಆಮೇಲೆ ಎರಡು ಹೆತ್ತಿರುತ್ತಾಳೋ ಏನೋ. ಹೊಲಿದದ್ದು ಬಿಗಿಯಾದರೆ ಬೈಗುಳ ದಾಕ್ಷಾಯಣಕ್ಕನಿಗೆ. ಅದಕ್ಕೆ ಅವಳು ಹೊಸ ಪದ್ಧತಿ ಹಚ್ಚಿದಳು. ಪರದೆಯ ಹಿಂದೆ ಕುಬಸ ಹಾಕಿಸಿ, ಬೆನ್ನಿನ ಸುಕ್ಕು, ತೋಳಿನ ಬಿಗಿ, ಕೊರಳಿನ ಇಳಿತ ಎಲ್ಲವನ್ನೂ ನನ್ನಿಂದ ಫೋಟೊ ಹಿಡಿಯುವುದು, ಆಮೇಲೆ ಅದನ್ನು ನೋಡಿಕೊಂಡು ಕತ್ತರಿ ಆಡಿಸುವುದು. ಮೊದಮೊದಲು ಯಾರೂ ಒಪ್ಪಲಿಲ್ಲ. ಅವಳು ಪ್ರತಿಯೊಬ್ಬಳ ಕೈ ಹಿಡಿದು, “ಇದು ನನ್ನ ಕಣ್ಣು ಬಿಟ್ರ ಮತ್ತೊಬ್ಬರ ಕಣ್ಣಿಗೆ ಬೀಳೂದಿಲ್ಲ, ನನ್ನ ಮಷೀನಿನ ಆಣಿ” ಅಂದಳು. ಆ ಆಣೆಯನ್ನು ನಂಬಿ ನೂರಾರು ಹೆಂಗಸರು ನನ್ನೆದುರು ಬೆನ್ನು ತಿರುಗಿಸಿ ನಿಂತರು. ಅವಳ ಕುಬಸದ ಹದಕ್ಕೆ ಬಾದಾಮಿ, ಮುಧೋಳದಿಂದಲೂ ಗಿರಾಕಿ ಬಂದರು.

ಇಷ್ಟು ಹುಷಾರಿನವಳು ಒಂದೇ ಒಂದು ತಪ್ಪು ಮಾಡಿದ್ದಳು. ನನಗೆ ಲಾಕು ಹಾಕಿರಲಿಲ್ಲ. ಕೈಗೆಲ್ಲ ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದ ಪುಡಿ, ಬೆರಳಿಟ್ಟರೆ ನಾನು ಗುರುತು ಹಿಡಿಯುತ್ತಿರಲಿಲ್ಲ. ಬೇಸತ್ತು ತೆಗೆದುಹಾಕಿದಳು. ಮನೆಯಲ್ಲಿ ಒಬ್ಬಳೇ ಇರುವವಳಿಗೆ ಯಾರ ಭಯ?

ನಾಲ್ಕು ವರ್ಷ ಚೆನ್ನಾಗಿ ಕಳೆಯಿತು. ಆಮೇಲೆ ಹೊಟ್ಟೆಯೊಳಗಿನ ಆ ಪರದೇಶಿ ಬ್ಯಾಟರಿ ಉಬ್ಬತೊಡಗಿತು. ನನ್ನ ಬೆನ್ನು ಒಂದು ಮಗ್ಗುಲಲ್ಲಿ ಕೂದಲೆಳೆಯಷ್ಟು ಎದ್ದಿತು. ಬೇರೆ ಯಾರಾದರೂ ಹೆದರುತ್ತಿದ್ದರು. ದಾಕ್ಷಾಯಣಕ್ಕ ದರ್ಜಿ, ಅವಳ ಕಣ್ಣಿಗೆ ಅದು ಬಿಟ್ಟ ಹೊಲಿಗೆಯ ಹಾಗೆ ಕಂಡಿತು. ಸಂದಿಗೆ ಬಟ್ಟೆ ಅಂಟಿಸುವ ಗೋಂದು ಸವರಿದಳು, ಆರಿದ ಇಸ್ತ್ರಿ ಪೆಟ್ಟಿಗೆಯನ್ನು ನನ್ನ ಮೇಲೆ ಹೇರಿ ಊಟಕ್ಕೆ ಎದ್ದಳು. ಉಬ್ಬಿದ ಬ್ಯಾಟರಿಯ ಮೇಲೆ ಆರು ಕಿಲೋ ಕಬ್ಬಿಣ! ಒಳಗೆ ಕುದಿಯತೊಡಗಿತು, ಏನೋ ಹುಳಿಸಿಹಿ ವಾಸನೆ ಎದ್ದಿತು. ಇವತ್ತಿಗೆ ನನ್ನ ಕಥೆ ಮುಗಿಯಿತು, ಜೊತೆಗೆ ಈ ಬಟ್ಟೆಗಂಟುಗಳದ್ದೂ ಮುಗಿಯಿತು ಅಂದುಕೊಂಡೆ. ಪುಣ್ಯಕ್ಕೆ ಅವಳು ವಾಸನೆ ಹಿಡಿದು, ಎಂಜಲು ಕೈಯಲ್ಲೇ ಓಡಿ ಬಂದು ಪೆಟ್ಟಿಗೆ ಎತ್ತಿದಳು. ಬೆಂಕಿ ಹತ್ತಲಿಲ್ಲ. ನನ್ನ ಮುಖ ಮಾತ್ರ ಕತ್ತಲಾಯಿತು. ಕಣ್ಣು, ಕಿವಿ, ಮೈಯ ಅರಿವು ಇದ್ದವು, ಅಷ್ಟೇ.

ಎರಡು ದಿನ ಅವಳು ಸಂಕಟಪಟ್ಟಳು. ಫೋಟೊಗಳನ್ನೆಲ್ಲ ಅಳಿಸಿ ಆಮೇಲೆ ರಿಪೇರಿಗೆ ಕೊಡೋಣವೆಂದರೆ ನಾನು ಆನ್ ಆಗಬೇಕು. ಆನ್ ಆಗಬೇಕೆಂದರೆ ಬ್ಯಾಟರಿ ಬದಲಾಗಬೇಕು. ಬ್ಯಾಟರಿ ಬದಲಾಗಬೇಕೆಂದರೆ ಪರರ ಕೈಗೆ ಕೊಡಬೇಕು. ಎಸೆದುಬಿಡೋಣವೆಂದರೆ ಮದುವೆ ಸುಗ್ಗಿ, ಕತ್ತರಿಸಿಟ್ಟ ಮೂವತ್ತು ಕುಬಸಗಳ ಅಳತೆ ನನ್ನೊಳಗೇ ಇತ್ತು. ಕೊನೆಗೆ ಸೆರಗಿನಲ್ಲಿ ಸುತ್ತಿಕೊಂಡು ಅದೇ ಓಣಿಯ ಮಾನಿಂಗನ ಅಂಗಡಿಗೆ ನಡೆದಳು.

ಮಾನಿಂಗ ಮೂವತ್ತರ ಆಸುಪಾಸಿನವ, ಒಬ್ಬನೇ ಕೂತು ಫೋನು ರಿಪೇರಿ ಮಾಡುವವ. “ಇಟ್ಟು ಹೋಗ್ರಿ ಅಕ್ಕಾರ, ಸಂಜೀಕ ಬರ್ರಿ” ಅಂದ.

“ಇಟ್ಟು ಹೋಗೂದಿಲ್ಲ. ನನ್ನ ಕಣ್ಣಮುಂದ ಬಿಚ್ಚು.”

“ನಂಬಿಕಿ ಇಲ್ಲೇನ್ರಿ?”

“ಇಲ್ಲ ತಮ್ಮಾ. ನನಗ ಯಾರ ಮ್ಯಾಲೂ ಇಲ್ಲ, ನೀ ಬ್ಯಾಸರ ಮಾಡ್ಕೋಬ್ಯಾಡ.”

ಅವನು ನಕ್ಕು ಸ್ಟೂಲು ಎಳೆದು ಕೊಟ್ಟ. ನನ್ನನ್ನು ಕಾದ ತಟ್ಟೆಯ ಮೇಲಿಟ್ಟು ಅಂಟು ಮೆತ್ತಗಾಗಲು ಬಿಟ್ಟ. ಹಾಗೆಯೇ ಮಾತಿಗೆ, ಯುರೋಪಿನ ಕಡೆ ಕಾಯ್ದೆ ಆಗೇತಂತ, ಇನ್ನ ಮುಂದ ಫೋನು ತಗೊಂಡವರ ತಾವ ಬ್ಯಾಟರಿ ಬಿಚ್ಚಿ ಹಾಕೂ ಹಂಗ ಇರಬೇಕಂತ ಎಂದು ಹೇಳಿದ.

“ಹಂಗಾದ್ರ ನಿನ್ನ ಹೊಟ್ಟಿ ಗತಿ ಏನೋ?” ಅಂದಳು ಅವಳು.

“ಹೊಟ್ಟಿಗೆ ಮತ್ತೊಂದ ದಾರಿ ಸಿಗತೈತ್ರಿ. ದಿನಾ ಬೆಳಗಾದ್ರ ಕಳ್ಳನ್ನ ನೋಡಿದಂಗ ನೋಡ್ತಾರಲ್ಲ ಮಂದಿ, ಅದೊಂದು ತಪ್ಪಿದ್ರ ಸಾಕು.”

ಈ ಮಾತು ನನಗೆ ಬಹಳ ನಯವಾಗಿ ಕೇಳಿಸಿತು. ನಯದ ಮಾತಿನ ಬೆನ್ನಿಗೇನಿರುತ್ತದೆ ಎಂದು ಗುತ್ತಿಗೆದಾರನ ಜೇಬಿನಲ್ಲಿ ಕಲಿತವನು ನಾನು. ಆ ಕಾಯ್ದೆಯ ಮೇಲೂ ನನಗೆ ಭರವಸೆ ಹುಟ್ಟಲಿಲ್ಲ. ಬಹಳ ದಿನ ಬಾಳುವ ಬ್ಯಾಟರಿಗೆ ವಿನಾಯಿತಿ ಉಂಟೆಂದು ಅವನೇ ಆಮೇಲೆ ಅಂದ. ಬಹಳ ದಿನ ಎಂದರೆ ಎಷ್ಟು ದಿನ, ಅದನ್ನು ಎಣಿಸುವವರು ಯಾರು?

ಉಬ್ಬಿದ ಬ್ಯಾಟರಿ ಹೊರಬಂತು. ಅವನು ಅದನ್ನು ಮರಳು ತುಂಬಿದ ಡಬ್ಬಿಯಲ್ಲಿ ಇಟ್ಟ. ಹೊಸದನ್ನು ಕೂರಿಸುವ ಹೊತ್ತಿಗೆ ಒಬ್ಬ ಹೆಂಗಸು ಏದುಸಿರು ಬಿಡುತ್ತ ಬಂದಳು. ಮದುಮಗಳಿಗೆ ಅಕ್ಷತೆ ಇನ್ನೊಂದು ತಾಸಿಗೆ, ಕುಬಸದ ತೋಳು ಮೊಣಕೈ ದಾಟುತ್ತಿಲ್ಲ, ಮನೆಯವರೆಲ್ಲ ಅಳುತ್ತ ಕೂತಿದ್ದಾರೆ. ದಾಕ್ಷಾಯಣಕ್ಕ ನನ್ನನ್ನು ನೋಡಿದಳು, ಮಾನಿಂಗನನ್ನು ನೋಡಿದಳು.

“ನಾ ಬರೂತನಕ ಇದನ್ನ ಮುಟ್ಟಬ್ಯಾಡ” ಅಂದಳು.

“ಅಂಟು ಬಿಸಿ ಇರೂದ್ರಾಗ ಮುಚ್ಚಬೇಕ್ರಿ. ಆರಿದ್ರ ಮತ್ತ ಮೊದಲಿಂದ ಆಗತೈತಿ.”

ಅವಳು ಮನಸ್ಸಿಲ್ಲದ ಮನಸ್ಸಿನಿಂದ ಎದ್ದು ಹೋದಳು. ತೋಳಿನ ಹೊಲಿಗೆ ಸಡಿಲಿಸಿ ಮರಳಿ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ನಾನು ಆನ್ ಆಗಿದ್ದೆ. ಮಾನಿಂಗ ನನ್ನನ್ನು ಅವಳ ಕೈಗಿಟ್ಟು ತಲೆ ತಗ್ಗಿಸಿ, “ಅಕ್ಕಾರ, ಒಂದು ಲಾಕ್ ಹಾಕ್ಕೊಳ್ರಿ” ಅಂದ.

ಅವಳು ದುಡ್ಡು ಕೊಟ್ಟು ನನ್ನನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡಳು. ಮನೆಗೆ ಬಂದು ಬಾಗಿಲು ಹಾಕಿ ಗ್ಯಾಲರಿ ತೆರೆದಳು. ಎಲ್ಲ ಫೋಟೊಗಳ ಕೊನೆಗೆ ಒಂದು ಹೊಸದು, ಮಾನಿಂಗನ ಅಂಗಡಿಯ ಗೋಡೆ, ಗೋಡೆಯ ಮೇಲಿನ ಕ್ಯಾಲೆಂಡರು. ಅವಳು ಓಡಿ ಹೋಗಿ ಅವನ ಮುಂದೆ ನನ್ನನ್ನು ಹಿಡಿದಳು.

“ಇದೇನು?”

“ಕ್ಯಾಮೆರಾ ನೋಡಿದ್ನ್ರಿ. ಮುಚ್ಚೂ ಮುಂದ ಗಾಜಿಗೆ ಅಂಟು ಹತ್ತಿರತೈತಿ. ಎಲ್ಲರ ಫೋನಿಂದೂ ಹಂಗ ಒಂದು ಫೋಟೊ ತಗದು ನೋಡ್ತೀನಿ.”

“ಫೋಟೊ ತಗದಾವ ಫೋಟೊ ನೋಡಿಲ್ಲೇನು? ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಂಗ, ಲಾಕ್ ಹಾಕಂತ ನೀ ಯಾಕ ಹೇಳಿದಿ?”

ಅವನು ಮುಂದಿದ್ದ ಮತ್ತೊಂದು ಫೋನನ್ನು ಬಿಚ್ಚತೊಡಗಿದ. ಅವಳು ಅವತ್ತೇ ಕೂತು, ಅಳತೆಯನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡು, ಫೋಟೊ ಒಂದೊಂದಾಗಿ ಅಳಿಸಿದಳು. ಅಷ್ಟಕ್ಕೆ ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಅವಳು ಆಣೆ ಇಟ್ಟವಳು, ಮುಚ್ಚಿಡುವುದು ಅವಳಿಗೆ ಬರುವುದಿಲ್ಲ. ಬಂದ ಗಿರಾಕಿಗೆಲ್ಲ, “ಫೋನು ಇಪ್ಪತ್ತು ನಿಮಿಷ ಅವನ ಕೈಯಾಗಿತ್ತವ್ವ, ನೋಡ್ಯಾನೋ ಇಲ್ಲೋ ನಂಗೊತ್ತಿಲ್ಲ, ತಪ್ಪು ನಂದು” ಎಂದು ಹೇಳಿ ಕೈ ಮುಗಿದಳು. ಅವಳು ಹೇಳಿದ್ದು ಅಷ್ಟೇ. ಓಣಿಯ ತುದಿ ಮುಟ್ಟುವಷ್ಟರಲ್ಲಿ ಅದು ‘ನೋಡ್ಯಾನ’ ಆಯಿತು, ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ‘ಇಟ್ಕೊಂಡಾನ’ ಆಯಿತು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನ ಗತಿ ಅವನದಾಯಿತು. ನಾಲ್ಕಾರು ಗಂಡಸರು ಹೋಗಿ ಅವನ ಕಂಪ್ಯೂಟರು, ಅವನ ಫೋನು ಎಲ್ಲ ಜಾಲಾಡಿದರು. ಏನೂ ಸಿಗಲಿಲ್ಲ. ‘ಅಳಿಸ್ಯಾನ, ಶಾಣ್ಯಾ ಇದ್ದಾನ’ ಎಂದುಕೊಂಡು ಬಂದರು.

ಒಂದು ಮಧ್ಯಾಹ್ನ ಮಾನಿಂಗ ದಾಕ್ಷಾಯಣಕ್ಕನ ಹೊಸ್ತಿಲಿನ ಹೊರಗೆ ಬಂದು ನಿಂತ. ಕೈಯಲ್ಲಿ ಮರಳಿನ ಡಬ್ಬಿ.

“ನಿಮ್ಮ ಹಳೀ ಬ್ಯಾಟರಿ ಅಕ್ಕಾರ. ಹಳೀದು ಮರಳಿ ಕೊಡೂದು ನಮ್ಮ ಪದ್ಧತಿ, ಇಲ್ಲಂದ್ರ ಚಲೋದು ತಗದು ಕೆಟ್ಟದ್ದ ಹಾಕ್ಯಾರ ಅಂತಾರ. ಕಸಕ್ಕ ಒಗೀಬ್ಯಾಡ್ರಿ, ಬೆಂಕಿ ಹತ್ತತೈತಿ.”

ಅವಳು ಮಷೀನು ನಿಲ್ಲಿಸಿದಳು. ಅವನನ್ನೇ ನೋಡಿ ಕೇಳಿದಳು, “ನನ್ನ ಮುಂದ ಹೇಳು. ಅವತ್ತ ನೀ ನೋಡಿದ್ಯೋ ಇಲ್ಲೋ?”

“ಇಲ್ಲ ಅಂದ್ರ ನಂಬ್ತೀರೇನ್ರಿ?”

ಅವಳು ಸೂಜಿಯ ಕೆಳಗಿನ ಬಟ್ಟೆಯನ್ನು ಸರಿಮಾಡತೊಡಗಿದಳು.

“ಮತ್ಯಾಕ ಕೇಳ್ತೀರಿ?” ಎಂದು ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಹೋದ. ಮುಂದಿನ ಅಮಾವಾಸ್ಯೆಗೆ ಅಂಗಡಿ ಖಾಲಿಯಾಗಿತ್ತು. ಇಳಕಲ್ಲಿನಲ್ಲಿ ಭಾವನ ಸೀರೆ ಅಂಗಡಿಯಲ್ಲಿ ಮಡಿಕೆ ಹಾಕಲು ಕೂತಿದ್ದಾನೆ ಎಂದು ಯಾರೋ ಅಂದರು. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಹೆಂಗಸರು ಮರಳಿ ಅಳತೆ ಕುಬಸಕ್ಕೆ ಹೋದರು, ಕೆಲವರು ಬರುವುದನ್ನೇ ಬಿಟ್ಟರು.

ಈಗ ನನಗೆ ವಯಸ್ಸಾಗಿದೆ. ಗಾಜು ಮೂಲೆಯಲ್ಲಿ ಒಡೆದಿದೆ, ಹೊಸ ಆ್ಯಪುಗಳು ನನ್ನೊಳಗೆ ಕೂರುವುದಿಲ್ಲ. ಗುಂಡಿಗಳ ಡಬ್ಬಿಯ ಪಕ್ಕ ಅವಳು ನನ್ನನ್ನು ಗಡಿಯಾರದಂತೆ ಇಟ್ಟುಕೊಂಡಿದ್ದಾಳೆ. ಮೊನ್ನೆ ಪೇಪರಿನಲ್ಲಿ ಮತ್ತೆ ಆ ಕಾಯ್ದೆಯ ಸುದ್ದಿ ಬಂದಿತ್ತು. ಅವಳು ಬೆರಳಿಟ್ಟು ಅಕ್ಷರ ಕೂಡಿಸಿ ಓದಿ, “ಬಾಗಲ ಇದ್ದಿದ್ರ ಒಂದು ಉಗುರಿನ ಕೆಲಸ ಇತ್ತು” ಎಂದು ತನ್ನಷ್ಟಕ್ಕೆ ಅಂದಳು. ಆಮೇಲೆ ನನ್ನ ಕಡೆ ತಿರುಗಿ, “ಏ, ನೀ ಅಲ್ಲೇ ಇದ್ದೆಲ್ಲ. ಅವ ನೋಡಿದ್ನೋ ಇಲ್ಲೋ?” ಎಂದು ಕೇಳಿದಳು. ಊರಿನವರ ಮಾತನ್ನೆಲ್ಲ ಹೊತ್ತ ನನಗೆ ನನ್ನದೊಂದು ಮಾತು ಆಡಲು ಬಾಯಿಲ್ಲ. ನೀವಾದರೂ ಕೇಳಿಸಿಕೊಳ್ಳಿ.

ಅವನು ಬೆನ್ನು ಮುಚ್ಚಿ, ಆನ್ ಮಾಡಿ, ಕ್ಯಾಲೆಂಡರಿನ ಫೋಟೊ ಹಿಡಿದು ನನ್ನನ್ನು ಮೇಜಿನ ಮೇಲಿಟ್ಟ. ಆಗ ಎರಡು ದಿನದಿಂದ ತಡೆದಿದ್ದ ಮೆಸೇಜುಗಳು ಒಮ್ಮೆಗೇ ನುಗ್ಗಿದವು. ‘ಅಕ್ಕಾ, ಬೆನ್ನಿನ ಕಡೆ ಸುಕ್ಕು ಬಿದ್ದೈತಿ, ನೋಡು’ ಎಂದು ಒಬ್ಬಳ ಫೋಟೊ ನನ್ನ ಮುಖದ ಮೇಲೆ ಅಂಚು ತೋರಿಸಿ ನಿಂತಿತು. ಒಂದು ಬೆರಳು ತಾಗಿಸಿದ್ದರೆ ಸಾಕು, ಪೂರ್ತಿ ತೆರೆಯುತ್ತಿತ್ತು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಮುಟ್ಟುತ್ತಾನೆ ಎಂದೇ ನಾನು ಕಾದೆ. ಅವನು ಕಿಸೆಯಿಂದ ಕರವಸ್ತ್ರ ತೆಗೆದು ನನ್ನ ಮೇಲೆ ಹೊದಿಸಿ, ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡು ಕೂತ. ಅವಳು ಬರುವ ತನಕ ಈ ಕಡೆ ತಿರುಗಲಿಲ್ಲ.